ಅಪ್ಪನದು ಮಳೆಗಾಲದ ಬೇಸರವೋ, ಖಿನ್ನತೆಯೋ?

ಅಪ್ಪ ತೋಟದ ಕಡೆ ತಲೆ ಹಾಕುತ್ತಿಲ್ಲ, ಸುಮ್ನೆ ಮಲಗಿರುತ್ತಾರೆ ಅಂದಿದ್ದೀರಿ. ಜಡಿಮಳೆಯ ಬೇಸರ ನೆಂಟರು ಬಂದರೆ, ಬಿಸಿಲು ಬಿದ್ದರೆ ಸರಿಯುತ್ತದೆ. ಖಿನ್ನತೆ ಹಾಗಲ್ಲ. ಕನಿಷ್ಠ 2 ವಾರ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುತ್ತದೆ ಅಥವಾ ಯಾವುದೂ ಬೇಡ ಅನಿಸುತ್ತದೆ. ನಿದ್ದೆ, ಹಸಿವು ಏರುಪೇರು. ಸುಸ್ತು. ತಾನು ದಂಡ ಅನ್ನುವ ಯೋಚನೆ. ನಮ್ಮ ಮಲೆನಾಡಿನ ಹಿರಿಯರು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಕಮ್ಮಿ ಅಲ್ವಾ? ಮೈಕೈ ನೋವು, ಗ್ಯಾಸ್ಟ್ರಿಕ್ ಅನ್ನುತ್ತಾರೆ, ಇಲ್ಲಾ ರೇಗುತ್ತಾರೆ.

ಅಡಿಕೆಗೆ ಕೊಳೆರೋಗ, ಸೊಸೈಟಿ ಸಾಲ ಕಾರಣದ ಒಂದು ಪಾಲು ಇರಬಹುದು. ವಂಶದ ಒಲವು, ಕುಡಿತ, ಥೈರಾಯ್ಡ್ ತೊಂದರೆಯೂ ಇರಬಹುದು. ಸ್ಕ್ಯಾನ್‌ನಲ್ಲಿ ಕಾಣುವ ಕಾಯಿಲೆ ಇದಲ್ಲ. ವೈದ್ಯರು ಕೂರಿಸಿ ಮಾತಾಡಿಸಿಯೇ ಪತ್ತೆ ಮಾಡುತ್ತಾರೆ, ಬೇಕಾದರೆ ರಕ್ತಪರೀಕ್ಷೆ ಬರೆಯುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ, ತೋಟಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ, ತಕ್ಷಣ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.