ಚಳಿ ಗೆದ್ದಿತೋ, ಕುಟುಜೋವ್ ಗೆದ್ದನೋ?

ಪ್ರಶ್ನೆ: 1812ರಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ್ದು ರಷ್ಯಾದ ಚಳಿ ಅಂತಾರೆ. ಹಾಗಾದರೆ ರಷ್ಯಾದ ಸೇನಾಪತಿ ಕುಟುಜೋವ್‌ಗೆ ಸುಮ್ನೆ ಹೆಸರು ಬಂತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಲ್ಲಾ ಪುಣ್ಯ ಚಳಿಗೇ ಕೊಟ್ಟುಬಿಟ್ಟರೆ ಹೇಗೆ ಸ್ವಾಮಿ? ನೆಪೋಲಿಯನ್ ಗಡಿ ದಾಟಿದ್ದು ಜೂನ್‌ನಲ್ಲಿ. ಆ ಬೇಸಿಗೆಯಲ್ಲೇ ಬಿಸಿಲು, ಮೇವಿನ ಕೊರತೆಗೆ ಕುದುರೆಗಳು ಸಾವಿರಗಟ್ಟಲೆ ಸತ್ತಿದ್ದವು. ರೋಗದಿಂದ ಸೈನಿಕರೂ ಅಷ್ಟೇ.

ಸೆಪ್ಟೆಂಬರ್ 7ರಂದು ಮಾಸ್ಕೋಗೆ ಪಶ್ಚಿಮದ ಬೊರೊಡಿನೊ ಕಾಳಗದಲ್ಲಿ ಕುಟುಜೋವ್ ಗೆಲ್ಲಲಿಲ್ಲ, ನಿಜ. ಆರು ದಿನದ ಮೇಲೆ ಫಿಲಿ ಹಳ್ಳಿಯ ರೈತನೊಬ್ಬನ ಮನೆಯಲ್ಲಿ ಸಭೆ. ಅವನ ಕೈಕೆಳಗಿನ ಸೇನಾನಿ ಬೆನಿಗ್ಸನ್ ಕಾದಾಡೋಣ ಅಂದ. ಮುದುಕ ಕುಟುಜೋವ್ ಒಪ್ಪಲಿಲ್ಲ. ಮಾಸ್ಕೋ ಹೋದರೂ ಸೈನ್ಯ ಉಳಿಯಲಿ ಅಂತ ಹಿಂದೆ ಸರಿದ.

ಅವನ ನಿಜವಾದ ಜಾಣತನ ನನಗೆ ಕಾಣುವುದು ಇದರ ಮುಂದೆ. ರ‍್ಯಾಜಾನ್ ರಸ್ತೆಯಲ್ಲಿ ಹೊರಟವನು ಸದ್ದಿಲ್ಲದೆ ಕಲುಗಾ ರಸ್ತೆಗೆ ತಿರುಗಿ ಮಾಸ್ಕೋಗೆ ನೈಋತ್ಯದ ತರುಟಿನೊ ಹಳ್ಳಿಯಲ್ಲಿ ಬೀಡುಬಿಟ್ಟ. ಬೆನ್ನ ಹಿಂದೆ ತುಲಾದ ಬಂದೂಕು ಕಾರ್ಖಾನೆ, ಕಲುಗಾದ ದವಸ, ಎರಡೂ ಭದ್ರ. ಅವನೆಲ್ಲಿದ್ದಾನೆ ಅಂತ ಫ್ರೆಂಚ್ ಮುಂಪಡೆಗೆ ಕೆಲವು ದಿನ ಗೊತ್ತೇ ಆಗಲಿಲ್ಲ!

ಅಕ್ಟೋಬರ್ 19ಕ್ಕೆ ಮಾಸ್ಕೋ ಬಿಟ್ಟ ನೆಪೋಲಿಯನ್ ದಕ್ಷಿಣಕ್ಕೆ ಹೊರಟ. 24ರಂದು ಮಾಲೊಯರೊಸ್ಲಾವೆಟ್ಸ್‌ನಲ್ಲಿ ಕಾಳಗ. ಊರು ಫ್ರೆಂಚರ ಕೈಗೆ ಬಂತು, ಕುಟುಜೋವ್ ಅಡ್ಡ ನಿಂತಿದ್ದರಿಂದ ಕಲುಗಾ ಕಡೆಯ ದಾರಿ ಮಾತ್ರ ಸಿಗಲಿಲ್ಲ. ಕೊನೆಗೆ ಬರುವಾಗ ತಾವೇ ಲೂಟಿ ಮಾಡಿದ್ದ ಸ್ಮೊಲೆನ್ಸ್ಕ್ ರಸ್ತೆಯಲ್ಲೇ ವಾಪಸ್. ಅಲ್ಲಿ ತಿನ್ನೋಕೆ ಏನು ಉಳಿದಿತ್ತು? ಹಿಮ ಬಿದ್ದಿದ್ದು ಆಮೇಲೆ.