ಸೂಜಿಯ ಭಯ, ಗೇಟಿನ ಬಳಿಯೇ ವಾಂತಿ

ಪ್ರಶ್ನೆ: ಆರು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್. ಕೀಮೋಗೆ ಹೋದಾಗಲೆಲ್ಲ ಆಸ್ಪತ್ರೆಯ ಗೇಟು ಕಂಡರೇ ವಾಂತಿ. ‘ಇವತ್ತು ಸೂಜಿ ಇಲ್ಲ’ ಎಂದು ಪುಸಲಾಯಿಸಿ ಕರೆದೊಯ್ಯುತ್ತೇವೆ. ಬೇರೆ ದಾರಿ ಇದೆಯೇ?

ಉತ್ತರ: ಮೊದಲು ಆ ಸುಳ್ಳು ನಿಲ್ಲಲಿ. ಒಮ್ಮೆ ಮೋಸಹೋದ ಮಗು ಸೂಜಿಯಿಲ್ಲದ ದಿನವೂ ನಿಮ್ಮನ್ನು ನಂಬುವುದಿಲ್ಲ. ಈ ವಯಸ್ಸಿಗೆ ಹಿಂದಿನ ದಿನ ಹೇಳಿದರೆ ಸಾಕು. ವಾರ ಮೊದಲೇ ಹೇಳಿದರೆ ವಾರವೆಲ್ಲ ಕೊರಗು. ‘ನೋವೇ ಆಗಲ್ಲ’ ಎನ್ನಬೇಡಿ, ‘ಸ್ವಲ್ಪ ಚುಚ್ಚುತ್ತೆ, ಬೇಗ ಮುಗಿಯುತ್ತೆ’ ಎನ್ನಿ.

ಚರ್ಮ ಮರಗಟ್ಟಿಸುವ ಲಿಡೋಕೇನ್–ಪ್ರಿಲೋಕೇನ್ ಕ್ರೀಮನ್ನು ವೈದ್ಯರಲ್ಲಿ ಕೇಳಿ. ಉಜ್ಜದೆ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಕನಿಷ್ಠ 60 ನಿಮಿಷ ಬಿಡಬೇಕು. 20 ನಿಮಿಷಕ್ಕೇ ಒರೆಸಿದರೆ ಪ್ರಯೋಜನವಿಲ್ಲ. ನಾಲ್ಕು ಜನ ಸೇರಿ ಮಲಗಿಸಿ ಅದುಮುವುದಂತೂ ಭಯವನ್ನು ಬೆಳೆಸುತ್ತದೆ. ತೊಡೆಯ ಮೇಲೆ ಕೂರಿಸಿ ತಬ್ಬಿಕೊಳ್ಳಿ, ಸೋಪಿನ ಗುಳ್ಳೆ ಊದಿಸಿ. ‘ಯಾವ ಕೈ?’ ಎಂದು ಕೇಳಬಹುದು, ‘ಚುಚ್ಚೋಣವಾ?’ ಎಂದಲ್ಲ.

ಗೇಟಿನ ಬಳಿಯ ವಾಂತಿ ನಾಟಕವಲ್ಲ. ಹಿಂದಿನ ಕೀಮೋಗಳ ವಾಂತಿಯನ್ನು ದೇಹ ಆ ಜಾಗ, ಆ ವಾಸನೆಯ ಜೊತೆ ಬೆಸೆದುಕೊಂಡಿದೆ. ಶುರುವಾದ ಮೇಲೆ ಮಾಮೂಲಿ ವಾಂತಿ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ವೈದ್ಯರಿಗೆ ಈಗಲೇ ತಿಳಿಸಿ: ಕೀಮೋ ನಂತರದ ವಾಂತಿಯನ್ನು ಇನ್ನೂ ಬಿಗಿಯಾಗಿ ತಡೆಯಬೇಕು, ಜೊತೆಗೆ ಮಕ್ಕಳ ಮನಶ್ಶಾಸ್ತ್ರಜ್ಞರಿಂದ ಉಸಿರಾಟದ ಅಭ್ಯಾಸ, ಹಿತವಾದ ದೃಶ್ಯವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಅಭ್ಯಾಸ ಕಲಿಸಬೇಕು.