‘ವ್ಯಸನಿ’ ಎಂಬ ಹೆಸರು ಎಲ್ಲಿಯವರೆಗೆ?

“ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಪ್ರತಿ ಸಭೆಯಲ್ಲೂ ‘ನಾನೊಬ್ಬ ಮದ್ಯವ್ಯಸನಿ’ ಎಂದೇ ಪರಿಚಯಿಸಿಕೊಳ್ಳುತ್ತೇನೆ. ಹೇಳಿದಾಗಲೆಲ್ಲ ಮನಸ್ಸು ಕುಗ್ಗುತ್ತದೆ, ಹೇಳುವುದನ್ನು ಬಿಟ್ಟರೆ ಮತ್ತೆ ಬಾಟಲಿ ಹಿಡಿದೇನೆಂಬ ಭಯ” ಎಂದು ಬರೆದಿದ್ದೀರಿ.

ಎಂಟು ತಿಂಗಳು ಸಣ್ಣ ಮಾತಲ್ಲ, ನಿಮ್ಮ ಭಯವೂ ಸುಳ್ಳಲ್ಲ. 1935ರಲ್ಲಿ ಅಮೆರಿಕದಲ್ಲಿ ಶುರುವಾದ, ಕುಡಿತ ಬಿಡಬಯಸುವವರು ಸಭೆ ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲಿ ಈ ಪರಿಚಯ ರೂಢಿಯಾಗಿದೆ. ‘ಒಂದೇ ಪೆಗ್ ಹಾಕಿ ನಿಲ್ಲಿಸುತ್ತೇನೆ’ ಎಂಬ ಲೆಕ್ಕಾಚಾರಕ್ಕೆ ಅದು ಬಾಗಿಲು ಹಾಕುತ್ತದೆ. ಪಕ್ಕದವರೂ ಅದನ್ನೇ ಹೇಳಿದಾಗ ಒಂಟಿತನ ಕಳೆಯುತ್ತದೆ. ಆದರೆ ಅಲ್ಲಿ ಸದಸ್ಯರಾಗಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ. ಹಾಗೆ ಕರೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ಅಮೆರಿಕದ ಮನೋವೈದ್ಯರು 2013ರಿಂದ ಬಳಸುತ್ತಿರುವ ಕೈಪಿಡಿಯೂ ಕಾಯಿಲೆಗೆ ಹೆಸರಿಡುತ್ತದೆ, ಮನುಷ್ಯನಿಗಲ್ಲ. ಕುಡಿಯುವ ತುಡಿತವೊಂದನ್ನು ಬಿಟ್ಟು ಉಳಿದ ಲಕ್ಷಣಗಳು 3 ತಿಂಗಳು ಕಾಣದಿದ್ದರೆ ಆರಂಭಿಕ ಉಪಶಮನ (ಕಾಯಿಲೆ ತಗ್ಗಿದ ಸ್ಥಿತಿ), 12 ತಿಂಗಳು ಕಾಣದಿದ್ದರೆ ಸ್ಥಿರ ಉಪಶಮನ ಎನ್ನುತ್ತದೆ.

ಹೆಸರು ನಿಮಗೆ ಒಗ್ಗುತ್ತದೆಯೇ ಎಂದು ಎರಡು ಹೊತ್ತಿನಲ್ಲಿ ನೋಡಿ. ಒಂದು, ನೀವು ಹಿಂದೆ ಕುಡಿಯಲು ಕೂರುತ್ತಿದ್ದ ಹೊತ್ತು: ಆಗ ಅದು ಕೈ ಹಿಡಿದು ನಿಲ್ಲಿಸಿದರೆ ಇಟ್ಟುಕೊಳ್ಳಿ. ಇನ್ನೊಂದು, ಸಭೆ ಮುಗಿದು ಮನೆ ಸೇರಿದ ಹೊತ್ತು. ‘ನನ್ನ ಹಣೆಬರಹವೇ ಇಷ್ಟು’ ಎಂದೆನಿಸಿದರೆ ಅಪಾಯವಿದೆ. ಒಮ್ಮೆ ಜಾರಿದವರನ್ನು ಪೂರ್ತಿ ಕೆಡವುವುದು ಹಲವು ಸಲ ಆ ಒಂದು ಗ್ಲಾಸಿಗಿಂತ ಹೆಚ್ಚಾಗಿ ಈ ಮಾತೇ. ‘ಹೇಗೂ ನಾನು ಕುಡುಕ’ ಎಂದುಕೊಂಡವರಿಗೆ ಎರಡನೇ ಗ್ಲಾಸು ತಡೆಯಲು ಕಾರಣ ಉಳಿಯುವುದಿಲ್ಲ. (ಮನೆಯವರು ಸಿಟ್ಟಿನಲ್ಲಿ ಈ ಹೆಸರಿಟ್ಟು ಕರೆಯುವುದು ಬೇರೆಯೇ ಮಾತು. ಅದು ಚಿಕಿತ್ಸೆಯಲ್ಲ, ನಿಲ್ಲಿಸಿ ಎಂದು ನೇರವಾಗಿ ಹೇಳಿ.)

ಹೆಸರು ಬಿಡುವುದಾದರೆ ಸಭೆಯನ್ನು ಬಿಡಬೇಡಿ. ಹಲವರು ಎಡವುವುದು ಇಲ್ಲೇ: ಹಳೆಯ ಗುರುತಿನ ಜೊತೆ ಜನರನ್ನೂ ಕಳೆದುಕೊಳ್ಳುತ್ತಾರೆ. ‘ಕುಡಿತ ಬಿಟ್ಟವನು’ ಎಂದೇ ಪರಿಚಯಿಸಿಕೊಳ್ಳಿ. ಯಾರಾದರೂ ಗ್ಲಾಸು ಚಾಚಿದಾಗ ‘ಕುಡಿಯಬಾರದು’ ಎನ್ನಬೇಡಿ, ‘ಕುಡಿಯುವುದಿಲ್ಲ’ ಎನ್ನಿ. ಮೊದಲನೆಯದರಲ್ಲಿ ಯಾರದೋ ಅಪ್ಪಣೆ ಇದೆ, ಒತ್ತಾಯಕ್ಕೆ ಸಂದಿಯೂ ಇದೆ. ಎರಡನೆಯದು ನಿಮ್ಮದೇ ತೀರ್ಮಾನ.

ಬರೀ ಮಾತಿನಿಂದ ಹೊಸ ಗುರುತು ನಿಲ್ಲದು. ವಾರಕ್ಕೆ ಎರಡು ಸಂಜೆಯಾದರೂ, ಹಿಂದೆ ಕುಡಿಯುತ್ತಿದ್ದ ಹೊತ್ತಿನಲ್ಲೇ, ನೀವು ಹೋಗದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳುವವರಿರುವ ಕೆಲಸ ಹಿಡಿಯಿರಿ: ಆಟವೋ, ಪಾಠ ಹೇಳುವುದೋ, ಭಜನೆಯೋ. ಒಬ್ಬರೇ ಮಾಡುವ ಹವ್ಯಾಸ ಈ ಜಾಗ ತುಂಬುವುದು ಕಷ್ಟ.

ಕುಗ್ಗಿದ ಮನಸ್ಸು ಎರಡು ವಾರ ಹಾಗೇ ಉಳಿದರೆ ಅದು ಖಿನ್ನತೆಯೂ ಇರಬಹುದು, ವೈದ್ಯರಿಗೆ ತೋರಿಸಿ. ಜಾರಿದರೆ ಯಾರಿಗೆ ಫೋನ್ ಮಾಡುತ್ತೀರಿ? ಇಬ್ಬರ ಹೆಸರನ್ನು ಇವತ್ತೇ ಬರೆದಿಟ್ಟು, ಅವರಿಗೂ ತಿಳಿಸಿ.